ಹಾಳೆಯಲ್ಲಿ ಕಟ್ಟಿಟ್ಟ ಪಂಪು

ರಾಜೀವಿಯ ಮನೆಗೆ ಕಷ್ಟ ಹೇಳಿಕೊಂಡು ಬಂದವರನ್ನು ಜಗಲಿಯಲ್ಲಿ ಕೂರಿಸಿ, ಬೆಲ್ಲ ನೀರು ಕೊಟ್ಟು, ಮೊದಲು ಉಸಿರು ಬಿಡಿ ಎಂದು ಹೇಳುವುದು ನನ್ನ ಕೆಲಸ. ಆ ದಿನ ಕಷ್ಟ ಹೇಳಿಕೊಂಡು ಹೋದವಳು ನಾನೇ. ಬೆಲ್ಲ ಕೊಡುವವರು ಯಾರೂ ಇರಲಿಲ್ಲ. ರಾಜೀವಿಗೆ ಅಂಥದ್ದೆಲ್ಲ ನೆನಪಾಗುವುದೂ ಇಲ್ಲ.

"ಕಲ್ಲುಗುಂಡಿಯಲ್ಲಿ ನಮ್ಮ ಅಣ್ಣನನ್ನು ಕಳ್ಳ ಅಂತ ಮಾಡಿದ್ದಾರೆ," ಎಂದೆ. "ಆದಿತ್ಯವಾರ ಮೀಟಿಂಗ್ ಉಂಟಂತೆ. ಅಲ್ಲಿ ಅವನನ್ನು ಬಳಗದಿಂದ ತೆಗೆದು ಹಾಕ್ತಾರಂತೆ. ಅವ ಒಂದು ಮಾತು ಆಡುದಿಲ್ಲ. ಸರಿಯಾಗಿ ಊಟವೂ ಮಾಡುದಿಲ್ಲ."

ಅವಳು ಓದುತ್ತಿದ್ದ ಪೇಪರನ್ನು ಮಡಚಿಟ್ಟು, ಮೊದಲಿನಿಂದ ಹೇಳು ಅಪ್ಪಿ ಎಂದಳು.

ರಾಜೀವಿ ಯಾರೆಂದು ಗೊತ್ತಿಲ್ಲದವರಿಗೆ ಒಂದೆರಡು ಮಾತು. ಪುತ್ತೂರಿನ ಕಾಲೇಜಿನಲ್ಲಿ ನಾವಿಬ್ಬರೂ ಒಂದೇ ಬೆಂಚಿನವರು. ನಾನು ಅಲ್ಲಿಗೇ ಓದು ನಿಲ್ಲಿಸಿ ಹೊಲಿಗೆ ಮೆಷಿನ್ನಿಗೆ ಕೂತೆ. ಅವಳು ಗಣಿತ ಕಲಿತು ಉತ್ತರದ ಕಡೆ ಒಂದು ಮಿಲಿಟರಿ ಸಂಶೋಧನಾ ಕಚೇರಿಗೆ ಸೇರಿದಳು. ಸೈನ್ಯದ ಗಾಡಿಗಳಿಗೆ ಯಾವ ಬಿಡಿಭಾಗವನ್ನು ಎಲ್ಲಿ ಎಷ್ಟು ಇಟ್ಟುಕೊಳ್ಳಬೇಕು, ಕೆಟ್ಟದ್ದನ್ನು ಎಲ್ಲಿ ರಿಪೇರಿ ಮಾಡಬೇಕು ಎಂದು ಲೆಕ್ಕ ಹಾಕುವುದೇ ಅವಳ ಜೀವಮಾನದ ಉದ್ಯೋಗವಾಯಿತು. ನೂರು ಗಾಡಿ ಉಂಟು ಎಂದು ಹೇಳಿಕೊಳ್ಳುವುದು ದೊಡ್ಡ ಸಂಗತಿಯಲ್ಲ, ನಾಳೆ ಬೆಳಿಗ್ಗೆ ಎಷ್ಟು ಹೊರಡುತ್ತವೆ ಎಂದು ಹೇಳಬೇಕು ಎಂದು ಅವಳು ಆಗಾಗ ಹೇಳುವುದುಂಟು. ನಿವೃತ್ತಿಯಾಗಿ ಬೆಟ್ಟಂಪಾಡಿಗೆ ಮರಳಿದ ಮೇಲೆ ಅವಳ ತಲೆಗೆ ಬೇರೆ ಕೆಲಸ ಸಿಕ್ಕಿತು. ಊರಿನಲ್ಲಿ ಏನು ಕಾಣೆಯಾದರೂ, ಯಾರ ಮೇಲೆ ಅಪವಾದ ಬಂದರೂ ಅವಳ ಜಗಲಿಗೇ ಬರುತ್ತದೆ. ಕಣ್ಣು ಮಂಜಾಗಿ ಅಂಗಡಿ ಮುಚ್ಚಿದ ನಾನು ಅವಳ ಹಿಂದೆ ಚೀಲ ಹಿಡಿದುಕೊಂಡು ಹೋಗುತ್ತೇನೆ.

ಅವಳು ಮೊದಲಿನಿಂದ ಹೇಳು ಎಂದರೆ ನನಗೆ ಜೀಪಿನಿಂದಲೇ ಶುರುಮಾಡಬೇಕಾಗುತ್ತದೆ. ನಾವು ಸಣ್ಣವರಿದ್ದಾಗ ನಮ್ಮ ಕಡೆ ಬಸ್ಸಿಗಿಂತ ಜೀಪೇ ಹೆಚ್ಚು. ಒಳಗೆ ಒಬ್ಬರ ತೊಡೆಯ ಮೇಲೆ ಒಬ್ಬರು, ಹಿಂದೆ ಕಬ್ಬಿಣದ ಮೆಟ್ಟಿಲಲ್ಲಿ ನೇತಾಡುವವರು, ಮೇಲೆ ಬಾಳೆಗೊನೆ, ಕೋಳಿ ಬುಟ್ಟಿ. ಡ್ರೈವರ್ ಅರ್ಧ ಸೀಟಿನಲ್ಲಿ ಕೂತು ಉಳಿದರ್ಧವನ್ನು ಯಾರಾದರೂ ಮಾಸ್ತರರಿಗೆ ಬಿಟ್ಟುಕೊಡುತ್ತಿದ್ದ. ನಮ್ಮ ಅಣ್ಣ ತ್ಯಾಂಪಣ್ಣ ಮಿಲಿಟರಿಯಿಂದ ರಜೆಗೆ ಬರುತ್ತಿದ್ದದ್ದೂ ಅಂಥ ಜೀಪಿನಲ್ಲೇ. ಮನೆ ಹತ್ತಿರದ ಸವಣೂರಿನ ತಿರುವಿನಲ್ಲಿ ಇಂಜಿನ್ನಿನ ಸದ್ದು ಕೇಳಿದರೆ ಸಾಕು, ಅಮ್ಮ ಅಕ್ಕಿ ನೆನೆಹಾಕುತ್ತಿದ್ದಳು. ಅವನ ಕಪ್ಪು ಟ್ರಂಕ್ ತೆರೆದರೆ ಗ್ರೀಸು, ನುಸಿಗುಳಿಗೆ, ಉಣ್ಣೆಯ ಕಂಬಳಿ ಎಲ್ಲದರ ವಾಸನೆ ಒಟ್ಟಿಗೆ ಮೂಗಿಗೆ ಬರುತ್ತಿತ್ತು. ಈಗಲೂ ಗ್ಯಾರೇಜಿನ ಮುಂದೆ ಹಾದುಹೋಗುವಾಗ ನಾನು ಒಂದು ಗಳಿಗೆ ನಿಲ್ಲುವುದುಂಟು. ನಗುವವರು ನಗಲಿ.

ಅಣ್ಣ ಸೈನ್ಯದ ವರ್ಕ್‌ಶಾಪಿನಲ್ಲಿ ಹವಾಲ್ದಾರನಾಗಿ ನಿವೃತ್ತನಾಗಿ, ಅತ್ತಿಗೆಯ ಊರಾದ ಕಲ್ಲುಗುಂಡಿಯಲ್ಲಿ ಮನೆ ಕಟ್ಟಿದ. ಗುಡ್ಡ ಜರಿದು ಮಡಿಕೇರಿ ರಸ್ತೆ ದಿನಗಟ್ಟಲೆ ಮುಚ್ಚಿದ ಒಂದು ಮಳೆಗಾಲದ ನಂತರ ಅಲ್ಲಿಯ ಮಾಜಿ ಸೈನಿಕರು ಒಂದು ಬಳಗ ಮಾಡಿಕೊಂಡು, ಮಿಲಿಟರಿ ಹರಾಜಿನಲ್ಲಿ ನಾಲ್ಕು ಹಳೆಯ ಜೀಪು ತಂದರು. ಆಂಬುಲೆನ್ಸ್ ಹತ್ತದ ಕಡೆ ಹತ್ತಿ ಜನರನ್ನು ಇಳಿಸಿ ತರುವುದು ಅವುಗಳ ಕೆಲಸ. ಒಂದನ್ನು ಅಣ್ಣ ಓಡಿಸುತ್ತಾನೆ, ಒಂದನ್ನು ಮೂಸಕುಂಞಿ, ಇನ್ನೊಂದನ್ನು ಸುಳ್ಯದಲ್ಲಿ ಸ್ವಂತ ಗ್ಯಾರೇಜು ಇರುವ ದಿಶಾಂತ್. ನಾಲ್ಕನೆಯದಕ್ಕೆ 'ಅಜ್ಜಿ' ಎಂದು ಹೆಸರು. ಅದು ಬಳಗದ ಅಧ್ಯಕ್ಷ ಸುಬೇದಾರ್ ಕುಶಾಲಪ್ಪನವರದ್ದು. ಸೇವೆಯಲ್ಲಿದ್ದಾಗ ಮರುಭೂಮಿಯಲ್ಲಿ ಅದೇ ಜೀಪನ್ನು ಅವರು ವರ್ಷಗಟ್ಟಲೆ ಓಡಿಸಿದ್ದರು. ಹರಾಜಿನ ಮೈದಾನದಲ್ಲಿ ಬಾನೆಟ್ಟಿನ ಕೆಳಗೆ ತಾನೇ ಹಾಕಿಸಿದ್ದ ವೆಲ್ಡಿಂಗ್ ಕಂಡು ಗುರುತು ಹಿಡಿದು, ಎಲ್ಲರ ಮುಂದೆ ಅತ್ತುಬಿಟ್ಟರಂತೆ. ಉಳಿದ ಮೂರು ಜೀಪು ಹುಟ್ಟಿನಿಂದ ಹಸಿರು. ಅಜ್ಜಿ ಮಾತ್ರ ಊರಿಗೆ ಬಂದ ಮೇಲೆ ಹಸಿರಾದವಳು.

ಈ ಮಾಡೆಲಿನ ಸಾಮಾನು ಈಗ ಪೇಟೆಯಲ್ಲಿ ಸಿಗುವುದಿಲ್ಲ. ಹರಾಜಿನಲ್ಲಿ ಜೀಪಿನ ಜೊತೆ ಬಂದ ಬಿಡಿಭಾಗಗಳೇ ಆಸ್ತಿ. ಕಳೆದ ವರ್ಷ ಬಳಗದವರು ರಾಜೀವಿಯನ್ನೇ ಕರೆಸಿ, ಮಳೆಗಾಲದಲ್ಲಿ ಮೂರು ಜೀಪಾದರೂ ಯಾವಾಗಲೂ ಹೊರಡುವಂತಿರಬೇಕು, ಕಡಿಮೆ ಖರ್ಚಿನಲ್ಲಿ ಹೇಗೆ ಎಂದು ಕೇಳಿದ್ದರು. ಅವಳು ಎರಡು ಸಾಲು ಗುಳಿಗಳಲ್ಲಿ ಬೀಜ ಹಾಕಿ ಆಡುವ ಚೆನ್ನೆಮಣೆ ಇಟ್ಟುಕೊಂಡು ತೋರಿಸಿದಳು. ಒಂದು ಸಾಲಿನ ಗುಳಿಗಳು ಜೀಪು, ಇನ್ನೊಂದು ಸಾಲಿನವು ಸಾಮಾನು ಕೋಣೆ ಮತ್ತು ರಿಪೇರಿ ಬೆಂಚು. ಕೆಂಪು ಮಂಜೊಟ್ಟಿ ಬೀಜಗಳನ್ನು ಗುಳಿಯಿಂದ ಗುಳಿಗೆ ಹಾಕುತ್ತಾ ಹೋದಳು. ಮಳೆಗಾಲದ ಆಟಿ ತಿಂಗಳಲ್ಲಿ ಮಾತ್ರ ಆಡಬೇಕಾದ ಚೆನ್ನೆಮಣೆಯನ್ನು ಅದಕ್ಕೆ ಮೊದಲೇ ಮುಟ್ಟಿದರಲ್ಲ ಎಂದು ಕುಶಾಲಪ್ಪ ಗೊಣಗಿದ್ದು ನನಗೆ ನೆನಪಿದೆ. ನಾಲ್ಕನ್ನೂ ಓಡಿಸುತ್ತೇವೆಂದು ಹಟ ಹಿಡಿದರೆ ಸಾಮಾನು ಕೋಣೆ ಬೇಗ ಬರಿದಾಗಿ, ಬೇಕಾದ ದಿನ ಎರಡೂ ಹೊರಡುವುದಿಲ್ಲ. ಒಂದನ್ನು ಬಿಚ್ಚಿ ಅದರ ಭಾಗಗಳನ್ನು ಉಳಿದವಕ್ಕೆ ಎತ್ತಿಟ್ಟರೆ ಮೂರು ಗಟ್ಟಿಯಾಗಿ ನಿಲ್ಲುತ್ತವೆ. ಇದು ಅವಳ ಲೆಕ್ಕ. ಒಂದು ವರ್ಷ ನೋಡುವುದು, ಯಾವ ಜೀಪು ಹೆಚ್ಚು ಸಲ ಬೆಂಚಿಗೆ ಬರುತ್ತದೋ ಅದನ್ನು ಮಳೆಗೆ ಮೊದಲು ಬಿಚ್ಚುವುದು ಎಂದು ಎಲ್ಲರೂ ಕೈ ಎತ್ತಿ ಒಪ್ಪಿದ್ದರು. ಈ ವರ್ಷ ಆ ಸರದಿ ಮೂಸಕುಂಞಿಯ ಜೀಪಿಗೆ ಬರುವುದು ಖಚಿತವಾಗಿತ್ತು.

ಇನ್ನು ಗಲಾಟೆಗೆ ಬರುತ್ತೇನೆ. ಹೋದ ವಾರ ಮೂಸಕುಂಞಿಯ ಜೀಪಿನ ಪೆಟ್ರೋಲ್ ಪಂಪು ಕೆಟ್ಟಿತು. ಅಣ್ಣ ಕಣ್ಣು ತೋರಿಸಲು ಸುಳ್ಯಕ್ಕೆ ಹೋಗಿದ್ದ. ದಿಶಾಂತ್ ಸಾಮಾನು ಕೋಣೆಯಿಂದ ಹೊಸ ಪಂಪು ತೆಗೆದು ಅವಸರದಲ್ಲಿ ಹಾಕಿಕೊಟ್ಟ. ಅದೇ ದಿನ ಗುಡ್ಡದ ಮೇಲಿನ ರಬ್ಬರ್ ತೋಟದಲ್ಲಿ ಮರದ ಹಾಲು ತೆಗೆಯುವ ಟ್ಯಾಪರನೊಬ್ಬನಿಗೆ ಹಾವು ಕಚ್ಚಿತು. ಮೂಸಕುಂಞಿ ಅವನನ್ನು ಮಲಗಿಸಿಕೊಂಡು ಇಳಿಯುತ್ತಿದ್ದಾಗ ಜೀಪು ಘಾಟಿಯ ತಿರುವಿನಲ್ಲಿ ನಿಂತುಬಿಟ್ಟಿತು. ಮರದ ಲಾರಿಯವನೊಬ್ಬ ಸಿಕ್ಕಿದ್ದರಿಂದ ಆ ಮನುಷ್ಯ ಬದುಕಿದ. ಸಂಜೆ ಬಿಚ್ಚಿ ನೋಡಿದರೆ, ಹೊಸದೆಂದು ಹಾಕಿದ ಪಂಪು ಒಳಗೆಲ್ಲ ಸವೆದು ಹೋದದ್ದು. ಗಾಬರಿಯಾಗಿ ಉಳಿದ ಕಟ್ಟುಗಳನ್ನು ತೆರೆದರು. ಒಂದು ಡೈನಮೊ, ಒಂದು ವಾಟರ್ ಪಂಪು ಕೂಡ ಹಾಗೆಯೇ ಹಳತು.

ಸಾಮಾನು ಕೋಣೆ ಅಣ್ಣನದ್ದು. ಗುಡ್ಡ ಯಾವಾಗ ಜರಿಯುತ್ತದೆಂದು ಹೇಳಲಾಗದ್ದರಿಂದ ಕೀಲಿಕೈ ಬಾಗಿಲ ಪಕ್ಕದ ಮೊಳೆಯಲ್ಲೇ ಇರುತ್ತದೆ, ಯಾರು ಬೇಕಾದರೂ ತೆಗೆಯಬಹುದು. ಆದರೆ ಬಿಡಿಭಾಗಗಳನ್ನು ಅಡಿಕೆ ಮರದ ಸೋಗೆಯ ಬುಡದ ಹಾಳೆಯಲ್ಲಿ ಮಡಚಿ ಕಟ್ಟುವ ಕ್ರಮ ಅವನೊಬ್ಬನದ್ದೇ. ಮಿಲಿಟರಿಯ ಮೇಣದ ಕಾಗದ ನಮ್ಮ ಕಡೆಯ ತೇವಕ್ಕೆ ಬೂಷ್ಟು ಹಿಡಿಯುತ್ತದೆಂದು ಅವನು ಕಂಡುಕೊಂಡ ಉಪಾಯ ಅದು. ಹಳೆಯ ಸಾಮಾನೂ ಹಾಳೆಯಲ್ಲೇ ಕಟ್ಟಿತ್ತು, ಅವನದೇ ಮಡಿಕೆ, ಅವನದೇ ಗಂಟು. ಬಳಗದ ಕಾರ್ಯದರ್ಶಿ, ಹಾರ್ಡ್‌ವೇರ್ ಅಂಗಡಿಯ ಹರಿಪ್ರಸಾದ್, ಅದರ ಫೋಟೊ ತೆಗೆದು ಊರಿನ ವಾಟ್ಸಾಪ್ ಗುಂಪಿಗೆ ಹಾಕಿ, ಹೊಸ ಸಾಮಾನನ್ನು ಹವಾಲ್ದಾರ್ರು ಯಾರಿಗೆ ಮಾರಿದ್ದು ಎಂದು ಕೇಳಿದ. ಈ ಗುಜರಿಗಳನ್ನೆಲ್ಲ ಕೊಟ್ಟು ಒಂದು ಹೊಸ ಗಾಡಿ ತೆಗೆಯಬೇಕೆಂದು ಅವನು ಮೊದಲಿನಿಂದಲೂ ಹೇಳುವವನು. ಪೊಲೀಸರಿಗೆ ದೂರು ಕೊಡಬೇಕೆಂದೂ ಹಾರಾಡಿದ. ಕುಶಾಲಪ್ಪನವರು ಅಡ್ಡ ಬಂದು, ಆದಿತ್ಯವಾರದ ಮೀಟಿಂಗಿನವರೆಗೆ ತಡೆಯಿರಿ ಎಂದು ಸಮಾಧಾನ ಮಾಡಿದರಂತೆ.

ಇಷ್ಟು ಕೇಳಿ ರಾಜೀವಿ ಒಂದೇ ಪ್ರಶ್ನೆ ಕೇಳಿದಳು. "ಆ ಹಾಳೆ ಎಲ್ಲಿ ಉಂಟು? ಬಿಸಾಡ್ಲಿಲ್ಲ ಅಲ್ವಾ?"

ಮರುದಿನ ಬೆಳಿಗ್ಗೆ ಬಸ್ಸು ಹಿಡಿದು ಹೋದೆವು. ಅಣ್ಣ ಹಿತ್ತಿಲ ಮೆಟ್ಟಿಲಲ್ಲಿ ಕೂತಿದ್ದ. ನನ್ನನ್ನು ನೋಡಿ, ಬಂದೆಯಾ ಎಂದಷ್ಟೇ ಹೇಳಿ ಮತ್ತೆ ಅಂಗಳ ನೋಡತೊಡಗಿದ. ಪಿಂಚಣಿ ತರಲು ಹೋಗುವಾಗಲೂ ಮೀಸೆ ತಿದ್ದಿಕೊಂಡು ಹೋಗುತ್ತಿದ್ದವನು ಗಡ್ಡ ಬಿಟ್ಟಿದ್ದ. ರಾಜೀವಿ ಕಳ್ಳತನದ ಮಾತೇ ಎತ್ತಲಿಲ್ಲ. ಅಂಗಳದಲ್ಲಿ ಬಿಸಿಲಿಗೆ ಸಾಲಾಗಿ ಇಟ್ಟಿದ್ದ ಹಾಳೆಗಳನ್ನು ನೋಡಿದಳು. ಒಂದೊಂದನ್ನೂ ಮರದ ತುಂಡಿನ ಸುತ್ತ ಮಡಚಿ, ಬಾಳೆನಾರಿನಿಂದ ಬಿಗಿದು ಒಣಗಲು ಬಿಟ್ಟಿದ್ದ. ಹಾಳೆ ನೀರಿನಲ್ಲಿ ನೆನೆಯದೆ ಮಡಚಲು ಬರುವುದಿಲ್ಲವೆಂದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಅವನು ನೆನೆಸಿ ಮಡಚುವುದು ಜೀಪಿನ ಶೆಡ್ಡಿನಲ್ಲಿ. ಅಲ್ಲಿ ಬಿಸಿಲು ಬೀಳದ ಕಾರಣ ಒಣಗಿಸಲು ಮನೆಗೆ ತರುತ್ತಾನೆ. ಎಷ್ಟು ಹೊತ್ತು ಒಣಗಬೇಕು ಎಂದು ಅವಳು ಕೇಳಿದಳು.

"ತಟ್ಟಿದ್ರೆ ಸದ್ದು ಬರ್ಬೇಕು," ಎಂದ ಅಣ್ಣ. "ಸದ್ದು ಬರುವವರೆಗೆ ಕಬ್ಬಿಣ ಮುಟ್ಟಿಸ್ಲಿಕ್ಕಿಲ್ಲ."

ಆ ದಿನ ಅವನು ಆಡಿದ್ದು ಅಷ್ಟೇ ಮಾತು. ಇನ್ನೂ ಏನಾದರೂ ಹೇಳು ಮಾರಾಯ ಎಂದು ನಾನು ಗೋಗರೆದೆ. ಅವನು ಎದ್ದು ಒಳಗೆ ಹೋದ. ರಾಜೀವಿ ನನ್ನ ಕೈ ಹಿಡಿದು, ಬಿಡು ಅವನನ್ನು ಎಂದಳು.

ಶೆಡ್ಡು ಹೊಳೆಬದಿಯಲ್ಲಿದೆ. ಮೊದಲು ರಬ್ಬರ್ ಶೀಟಿಗೆ ಹೊಗೆ ಹಾಕುತ್ತಿದ್ದ ಕಟ್ಟಡ ಅದು, ಗೋಡೆ ಈಗಲೂ ಕಪ್ಪು. ಕುಶಾಲಪ್ಪನವರು ಅಜ್ಜಿಯನ್ನು ಒರೆಸುತ್ತಿದ್ದರು. ನಮಗೆ ಕುರ್ಚಿ ಹಾಕಿಸಿ, ತ್ಯಾಂಪಣ್ಣ ಅಂಥವನಲ್ಲ, ಏನೋ ಗ್ರಹಚಾರ ಎಂದರು. ಮೂಸಕುಂಞಿಯೂ ಅಲ್ಲಿದ್ದ. ತನ್ನ ಜೀಪನ್ನು ಬಿಚ್ಚಿದರೂ ಚಿಂತೆಯಿಲ್ಲ, ಆ ತಿರುವಿನಲ್ಲಿ ಹಾವು ಕಚ್ಚಿದವನ ಬಾಯಿಂದ ನೊರೆ ಬಂದದ್ದನ್ನು ಮರೆಯಲು ಆಗುತ್ತಿಲ್ಲವೆಂದು ಅವನು ಹೇಳಿದ.

ಮೂರು ಹಳೆಯ ಭಾಗಗಳೂ ಹಾಳೆಗಳೂ ಬೆಂಚಿನ ಮೇಲಿದ್ದವು. ರಾಜೀವಿ ಕನ್ನಡಕ ಏರಿಸಿ, ಒಂದೊಂದನ್ನೂ ಮೂಗಿನ ಹತ್ತಿರ ತಂದು ನೋಡಿದಳು. ಹೊರಗಿನಿಂದ ಅವು ಹೊಳೆಯುವಂತೆ ಶುಚಿಯಾಗಿದ್ದವು. ಡೈನಮೊದ ಕಬ್ಬಿಣದ ಮೈಯ ಮೇಲೆ ಮಾತ್ರ ಒಂದರ ಪಕ್ಕ ಒಂದರಂತೆ ಉದ್ದುದ್ದ ತುಕ್ಕಿನ ಗೆರೆಗಳಿದ್ದವು. ಪೆಟ್ರೋಲ್ ಪಂಪಿನ ತೋಳಿನ ಮೇಲೂ ಅದೇ ಗೆರೆ. ಈ ಗೆರೆಯನ್ನು ಎಲ್ಲೋ ನೋಡಿದ್ದೇನೆ ಎಂದು ನನಗೆ ಅನ್ನಿಸಿತು, ಎಲ್ಲಿ ಎಂದು ಹೊಳೆಯಲಿಲ್ಲ. ಅವಳು ಅಣ್ಣ ಕಟ್ಟಿದ್ದ ಒಳ್ಳೆಯ ಕಟ್ಟೊಂದನ್ನೂ ಬಿಚ್ಚಿಸಿ ನೋಡಿದಳು. ಅದರೊಳಗಿನ ಸಾಮಾನಿನ ಮೇಲೆ ತುಕ್ಕಿನ ಚುಕ್ಕೆಯೂ ಇರಲಿಲ್ಲ. ಆಮೇಲೆ ತಲೆಯಿಂದ ಒಂದು ಪಿನ್ನು ತೆಗೆದು ಡೈನಮೊದ ಪಟ್ಟಿಯ ಸಂದಿಯಲ್ಲಿ ಕೆರೆದಳು. ಮಣ್ಣಿನಂಥ ಹಳದಿ ಪುಡಿ ಉದುರಿತು. ಅದನ್ನು ಕರ್ಚೀಫಿನಲ್ಲಿ ಕಟ್ಟಿ ನನ್ನ ಚೀಲಕ್ಕೆ ಹಾಕಿದಳು.

ಹೊರಡುವ ಮೊದಲು ಅಜ್ಜಿಯನ್ನು ಸ್ಟಾರ್ಟ್ ಮಾಡಿ ತೋರಿಸಲು ಕೇಳಿಕೊಂಡಳು. ಒಂದೇ ಸಲಕ್ಕೆ ಇಂಜಿನ್ ಎದ್ದಿತು. ನನಗೆ ಸವಣೂರಿನ ತಿರುವು ನೆನಪಾಯಿತು. ಮೊದಲು ದಿನಕ್ಕೊಂದು ರಗಳೆ ತೆಗೆಯುತ್ತಿದ್ದ ಅಜ್ಜಿಗೆ ಈ ವರ್ಷ ಕೆಮ್ಮೇ ಇಲ್ಲ, ಎಲ್ಲ ಸುಬೇದಾರ್ರ ಕೈಗುಣ ಎಂದು ಮೂಸಕುಂಞಿ ಮೆಚ್ಚಿ ಹೇಳಿದ. ದಿಶಾಂತನ ಜೀಪೂ ಒಮ್ಮೆಯೂ ಬೆಂಚಿಗೆ ಬಂದಿಲ್ಲವಂತೆ.

ನನಗೆ ದಿಶಾಂತನ ಮೇಲೆಯೇ ಸಂಶಯ. ಗ್ಯಾರೇಜು ಇರುವವನು, ಸಾಮಾನಿನ ಬೆಲೆ ಗೊತ್ತಿರುವವನು, ಹಾಳು ಪಂಪನ್ನು ಕೈಯಾರೆ ಹಾಕಿದವನು. ಬಸ್ಸಿನಲ್ಲಿ ಇದನ್ನೇ ಹೇಳುತ್ತಾ ಬಂದೆ. ರಾಜೀವಿ ಸುಳ್ಯದಲ್ಲಿ ಇಳಿದು ನೇರ ಅವನ ಗ್ಯಾರೇಜಿಗೇ ನಡೆದಳು. ಅವನು ಇಲ್ಲದಿದ್ದರೂ ಕೆಲಸದವರಿಗೆ ಏನೋ ಹೇಳಿ, ಮೂಲೆಯ ಗುಜರಿ ರಾಶಿಯ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಎದ್ದಾಗ ಕೈ ಮೊಣಕೈವರೆಗೆ ಕಪ್ಪಾಗಿತ್ತು, ಮುಖ ಮಾತ್ರ ಗೆಲುವಾಗಿತ್ತು. ಏನು ಸಿಕ್ಕಿತೆಂದು ಕೇಳಿದರೆ, ಸಿಗಬೇಕಾದ್ದು ಎಂದಳು. ಅವಳ ಈ ಅಭ್ಯಾಸಕ್ಕೆ ನನಗೆ ಮೈಯೆಲ್ಲ ಉರಿಯುತ್ತದೆ.

ಆದಿತ್ಯವಾರ ಶೆಡ್ಡಿನಲ್ಲಿ ಎಲ್ಲರೂ ಸೇರಿದರು. ಹರಿಪ್ರಸಾದ್ ಮುಂದಿನ ಸಾಲಿನಲ್ಲಿ ಮೊಬೈಲ್ ಹಿಡಿದು ಕೂತಿದ್ದ. ಅಣ್ಣನನ್ನು ನಾನೇ ಗಡ್ಡ ತೆಗೆಸಿ ಎಳೆದುಕೊಂಡು ಬಂದಿದ್ದೆ. ಅವನು ಹಿಂದೆ ಗೋಡೆಗೆ ಒರಗಿ ಕೂತ. ಕುಶಾಲಪ್ಪನವರು ಗಂಟಲು ಸರಿಮಾಡಿಕೊಂಡು ಸಭೆ ಶುರುಮಾಡಿ, ರಾಜೀವಿಯಮ್ಮ ಎಂತದೋ ಹೇಳಲಿಕ್ಕುಂಟಂತೆ ಎಂದರು.

ರಾಜೀವಿ ಮೊದಲು ಹಾಳೆಯನ್ನು ಎತ್ತಿ ಹಿಡಿದಳು. ಒಳಗಿನ ನಯವಾದ ಮೈಯಲ್ಲಿ ನಾರಿನ ಗೆರೆಗಳು ಬೆಳಕಿಗೆ ಕಾಣುತ್ತಿದ್ದವು. ಪಕ್ಕದಲ್ಲಿ ಡೈನಮೊ ಇಟ್ಟಳು. ತುಕ್ಕಿನ ಗೆರೆಯೂ ನಾರಿನ ಗೆರೆಯೂ ಒಂದೇ. ನಾನು ಬಾಯಿ ತೆರೆದುಕೊಂಡು ಕೂತೆ. ಹಾಳೆಯನ್ನು ನೆನೆಸಿ, ಮಡಚಿ, ಒಣಗಲು ಬಿಡದೆ ಹಸಿಯಾಗಿಯೇ ಕಬ್ಬಿಣಕ್ಕೆ ಸುತ್ತಿದ್ದಾರೆ, ನೀರು ಗೆರೆಗೆರೆಯಾಗಿ ತುಕ್ಕು ಎಬ್ಬಿಸಿದೆ ಎಂದು ಅವಳು ವಿವರಿಸಿದಳು. ತ್ಯಾಂಪಣ್ಣ ಹಾಳೆಯನ್ನು ಮರದ ತುಂಡಿನ ಮೇಲೆ ಒಣಗಿಸಿ, ತಟ್ಟಿ ಸದ್ದು ನೋಡಿ, ಆಮೇಲೆ ಸಾಮಾನು ಇಡುತ್ತಾನೆ. ಒಣಗಿಸುವುದು ಅವನ ಮನೆಯ ಅಂಗಳದಲ್ಲಿ. ಶೆಡ್ಡಿಗೆ ಬರುವವರು ನೋಡಿರುವುದು ನೆನೆಸುವುದನ್ನೂ ಮಡಚುವುದನ್ನೂ ಮಾತ್ರ. ಆದ್ದರಿಂದ ಇದನ್ನು ಕಟ್ಟಿದವರು ಅವನ ಕೈ ಕೆಲಸವನ್ನು ಇಲ್ಲಿ ಕೂತು ನೋಡಿ ಕಲಿತವರೇ ಹೊರತು ಅವನಲ್ಲ.

ಸಭೆಯಲ್ಲಿ ಗುಸುಗುಸು ಎದ್ದಿತು. ಹಾಗಾದರೆ ಮಾರಿದವರು ಯಾರು ಎಂದು ಹರಿಪ್ರಸಾದ್ ಕೇಳಿದ.

"ಯಾರೂ ಮಾರ್ಲಿಲ್ಲ," ಎಂದಳು ರಾಜೀವಿ. "ಮಾರುವವ ಖಾಲಿ ಹಾಳೆಗೆ ಕಲ್ಲು ಕಟ್ಟಿಟ್ರೂ ಸಾಕಿತ್ತು. ಇಲ್ಲಿ ಪಂಪು ತೆಗೆದ ಜಾಗದಲ್ಲಿ ಪಂಪು, ಡೈನಮೊ ತೆಗೆದ ಜಾಗದಲ್ಲಿ ಡೈನಮೊ, ಅದೂ ಉಜ್ಜಿ ತೊಳೆದು ಇಟ್ಟದ್ದು ಉಂಟು. ಕಳ್ಳ ಇಷ್ಟು ಶಿಸ್ತು ಮಾಡುದಿಲ್ಲ. ಹೊಸ ಸಾಮಾನು ಈ ಶೆಡ್ಡಿನಲ್ಲೇ ಉಂಟು, ಯಾವುದೋ ಜೀಪಿನ ಒಳಗೆ."

ಅವಳು ಚೆನ್ನೆಮಣೆಯನ್ನು ಮುಂದಿಟ್ಟಳು. ರಿಪೇರಿ ಎಲ್ಲಿಗೂ ಹೋಗುವುದಿಲ್ಲ, ಜಾಗ ಬದಲಾಯಿಸುತ್ತದೆ ಅಷ್ಟೆ ಎಂದು ಹೇಳಿ, ಗುಳಿಗಳಿಗೆ ಬೀಜ ಹಾಕುತ್ತಾ ಹೋದಳು. ಒಂದೇ ಪ್ರಾಯದ ಜೀಪುಗಳು, ಒಂದೇ ರಸ್ತೆ. ಎಲ್ಲವೂ ಹೆಚ್ಚು ಕಡಿಮೆ ಒಂದೇ ರೀತಿ ಕೆಡಬೇಕು. ಮೂಸಕುಂಞಿಯದೂ ತ್ಯಾಂಪಣ್ಣನದೂ ಕೆಟ್ಟದ್ದು ಬೆಂಚಿನಲ್ಲಿ ಎಲ್ಲರೂ ನೋಡಿದ್ದಾರೆ. ದಿಶಾಂತನದು ಬೆಂಚಿಗೆ ಬರಲಿಲ್ಲ ನಿಜ. ಗ್ಯಾರೇಜಿನವನ ಜೀಪೇ ಕೆಟ್ಟಿತೆನ್ನುವ ನಾಚಿಕೆಗೆ ಅವನು ಬೇರೆ ಗಾಡಿಯ ಸಾಮಾನನ್ನು ತಿದ್ದಿ ಕೂರಿಸಿ, ತನ್ನ ಗ್ಯಾರೇಜಿನಲ್ಲೇ ಗುಟ್ಟಾಗಿ ರಿಪೇರಿ ಮಾಡಿಕೊಂಡಿದ್ದಾನೆ, ಅವನ ಜೀಪಿನ ಮುರಿದ ಭಾಗಗಳು ಗುಜರಿ ಮೂಲೆಯಲ್ಲಿ ಬಿದ್ದಿವೆ. ದಿಶಾಂತ್ ತಲೆ ಕೆಳಗೆ ಹಾಕಿದ. ನಾನೂ ಹಾಕಿದೆ. ಉಳಿದ ಒಂದು ಜೀಪಿನ ಕೆಟ್ಟ ಭಾಗಗಳು ಮಾತ್ರ ಎಲ್ಲಿಯೂ ಇಲ್ಲ, ಬೆಂಚಿನಲ್ಲೂ ಇಲ್ಲ, ಗುಜರಿಯಲ್ಲೂ ಇಲ್ಲ. ವರ್ಷಗಟ್ಟಲೆ ಕೆಮ್ಮುತ್ತಿದ್ದ ಮುದುಕಿಗೆ, ಬಿಚ್ಚುವ ನಿಯಮ ಬಂದ ತಿಂಗಳಿನಿಂದಲೇ ಕೆಮ್ಮು ನಿಂತಿದೆ.

ಆಮೇಲೆ ಅವಳು ನನ್ನ ಚೀಲದಿಂದ ಕರ್ಚೀಫು ತೆಗೆದು ಬಿಡಿಸಿದಳು. ಡೈನಮೊದ ಸಂದಿಯಿಂದ ಉದುರಿದ್ದು ಮಣ್ಣಲ್ಲ, ಮರಳಿನ ಬಣ್ಣದ ಪೈಂಟು. ಇಲ್ಲಿರುವ ಜೀಪುಗಳಲ್ಲಿ ಮರುಭೂಮಿಯ ಬಣ್ಣ ಹಚ್ಚಿಕೊಂಡಿದ್ದದ್ದು ಒಂದೇ. ಅನುಮಾನವಿದ್ದರೆ ಬಾನೆಟ್ ತೆಗೆದು ನೋಡಬಹುದು ಎಂದಳು. ದಿಶಾಂತ್ ಎದ್ದು ಅಜ್ಜಿಯ ಕಡೆಗೆ ಹೊರಟ.

"ಬೇಡ," ಎಂದರು ಕುಶಾಲಪ್ಪ. "ಮಾಡಿದ್ದು ನಾನು."

ಅವರು ಎದ್ದು ನಿಂತು ಹೇಳಿದ್ದನ್ನು ನಾನು ಸಿಟ್ಟಿನಲ್ಲಿ ಕೇಳಿದೆ, ಆದರೂ ಒಂದೊಂದು ಮಾತೂ ನೆನಪಿದೆ. ಆ ಜೀಪಿನಲ್ಲಿ ಕೂತಾಗ ತನ್ನ ಜೊತೆಗಾರರೆಲ್ಲ ಹಿಂದಿನ ಸೀಟಿನಲ್ಲಿ ಹಾಡುತ್ತಿರುವ ಹಾಗೆ ಆಗುತ್ತದಂತೆ. ಅವರಲ್ಲಿ ಈಗ ಉಳಿದವರು ಯಾರೂ ಇಲ್ಲ. ಅಜ್ಜಿಯ ಹೆಸರೇ ಬಿಚ್ಚುವುದಕ್ಕೆ ಬರುತ್ತದೆಂದು ಗೊತ್ತಾದಾಗ ನಿದ್ದೆ ಹೋಯಿತಂತೆ. ಹೊಸ ಸಾಮಾನು ಹಾಳೆಯಲ್ಲಿ ಸುಮ್ಮನೆ ಕೂತಿತ್ತು, ಕೂತದ್ದನ್ನು ತೆಗೆದರೆ ಯಾರಿಗೆ ನಷ್ಟ ಎಂದು ಭಾವಿಸಿದೆ ಎಂದರು.

"ಕೂತಿರುದೇ ಅದರ ಕೆಲಸ ಸುಬೇದಾರ್ರೆ," ಎಂದಳು ರಾಜೀವಿ. "ಹಾವು ಕಚ್ಚುವ ದಿನಕ್ಕೆ ಕಾದು ಕೂತಿರುದು."

ಹಾವು ಕಚ್ಚಿದವನ ಸುದ್ದಿ ಬಂದ ದಿನವೇ ಹೇಳಬೇಕೆಂದಿದ್ದೆ, ಅಷ್ಟರಲ್ಲಿ ಎಲ್ಲರೂ ತ್ಯಾಂಪಣ್ಣನ ಹೆಸರು ಹೇಳಿಬಿಟ್ಟರು, ಆಮೇಲೆ ಬಾಯಿ ಬರಲಿಲ್ಲ ಎಂದು ಅವರು ಒಪ್ಪಿಕೊಂಡರು. ಮೂಸಕುಂಞಿ ಅವರನ್ನೇ ನೋಡುತ್ತಿದ್ದ. ಅವನ ನೋಟವನ್ನು ಎದುರಿಸಲು ಅವರಿಗೆ ಆಗಲಿಲ್ಲ.

ರಾಜೀವಿ ಅಣ್ಣನ ಕಡೆ ತಿರುಗಿದಳು. ತುಕ್ಕು ನೋಡಿದ ಕೂಡಲೇ ಇದು ನಿನ್ನ ಕಟ್ಟಲ್ಲ ಎಂದು ನಿನಗೆ ತಿಳಿದಿತ್ತು, ಯಾಕೆ ಬಾಯಿ ಬಿಡಲಿಲ್ಲ ಎಂದು ಕೇಳಿದಳು.

"ನನ್ನದಲ್ಲ ಅಂತ ಹೇಳಿದ್ರೆ ಯಾರದ್ದು ಅಂತ ಕೇಳ್ತಿದ್ರು," ಎಂದ ಅಣ್ಣ. "ಇಲ್ಲಿ ನನ್ನ ಪಕ್ಕ ಕೂತು ಹಾಳೆ ಮಡಚ್ಲಿಕ್ಕೆ ಕಲ್ತದ್ದು ಒಬ್ರೇ."

ರಾಜೀವಿ ಚೆನ್ನೆಮಣೆಯನ್ನು ಎತ್ತಿಟ್ಟಳು. ತನ್ನ ಲೆಕ್ಕದಲ್ಲಿ ಜೀಪುಗಳಿಗೆಲ್ಲ ಗುಳಿ ಇತ್ತು, ಜೀಪನ್ನು ಪ್ರೀತಿಸುವವನಿಗೆ ಇರಲಿಲ್ಲ, ಅದು ತನ್ನ ತಪ್ಪು ಎಂದಳು. ಆದರೆ ಲೆಕ್ಕ ಬದಲಾಗುವುದಿಲ್ಲ, ಗುಟ್ಟಿನ ರಿಪೇರಿ ಸೇರಿಸಿದರೆ ಹೆಚ್ಚು ಕೆಟ್ಟದ್ದು ಅಜ್ಜಿಯೇ, ಮಳೆ ಬರುವ ಮೊದಲು ಅವಳನ್ನು ಬಿಚ್ಚಲೇಬೇಕು ಎಂದೂ ಹೇಳಿದಳು.

ಕುಶಾಲಪ್ಪನವರು ಸಭೆಯನ್ನು ದಾಟಿ ಅಣ್ಣನ ಎದುರಿಗೆ ಬಂದರು. ಹಿಮ್ಮಡಿ ಜೋಡಿಸಿ, ಎರಡು ಕೈಗಳನ್ನೂ ತೊಡೆಗೆ ಒತ್ತಿ, ನೆಟ್ಟಗೆ ನಿಂತರು. ಸೈನ್ಯದಲ್ಲಿ ಹಾಗೆ ನಿಂತವನು ಎದುರಿನವರು 'ವಿಶ್ರಾಮ್' ಎನ್ನುವವರೆಗೆ ಕದಲುವಂತಿಲ್ಲ. ಕಿರಿಯನು ಹಿರಿಯನ ಮುಂದೆ ನಿಲ್ಲುವ ರೀತಿ ಅದು. ಸುಬೇದಾರನೊಬ್ಬ ಹವಾಲ್ದಾರನ ಮುಂದೆ ಹಾಗೆ ನಿಂತದ್ದನ್ನು ಅಲ್ಲಿದ್ದ ಯಾವ ಮಾಜಿ ಸೈನಿಕನೂ ಕಂಡಿರಲಿಲ್ಲ. ಕೂತಿದ್ದವರು ಒಬ್ಬೊಬ್ಬರಾಗಿ ಎದ್ದರು.

ಅಣ್ಣ ಮಾತ್ರ ಏಳಲಿಲ್ಲ, 'ವಿಶ್ರಾಮ್' ಎನ್ನಲೂ ಇಲ್ಲ. ನಿಲ್ಲಲಿ, ಸಂಜೆಯವರೆಗೂ ನಿಲ್ಲಲಿ ಎಂದೇ ನನಗೆ ಅನ್ನಿಸಿತು. ಅಣ್ಣ ಅನ್ನದ ಮುಂದೆ ಕೈಕಟ್ಟಿ ಕೂತ ದಿನಗಳು ನನ್ನ ಕಣ್ಣ ಮುಂದಿದ್ದವು. ಹರಿಪ್ರಸಾದ್ ಏನೋ ಹೇಳಲು ಹೋದಾಗ ಮೂಸಕುಂಞಿ ಅವನ ತೋಳು ಹಿಡಿದು ಸುಮ್ಮನಾಗಿಸಿದ.

ಕೊನೆಗೆ ಅಣ್ಣ ಎದ್ದು ಸಾಮಾನು ಕೋಣೆಯೊಳಗೆ ಹೋದ. ಸ್ಪ್ಯಾನರ್ ಪೆಟ್ಟಿಗೆ ಹೊತ್ತು ತಂದು ಅಜ್ಜಿಯ ಬಾನೆಟ್ಟಿನ ಮೇಲಿಟ್ಟ. ಮರಳಿ ಬಂದು ಕುಶಾಲಪ್ಪನವರ ಎದುರು ತಾನೂ ಬೆನ್ನು ನೇರ ಮಾಡಿ ನಿಂತ.

"ವಿಶ್ರಾಮ್, ಸಾಬ್," ಎಂದ. "ಬನ್ನಿ. ಬೇರೆಯವರು ಬಿಚ್ಚಿದ್ರೆ ಬೋಲ್ಟ್ ಹಾಳು ಮಾಡ್ತಾರೆ."

ಅಜ್ಜಿಯನ್ನು ಇಬ್ಬರೂ ಸೇರಿಯೇ ಬಿಚ್ಚಿದರು. ಒಂದೊಂದು ಭಾಗ ಕೈಗೆ ಬಂದಾಗಲೂ ಕುಶಾಲಪ್ಪನವರು ಅದನ್ನು ಯಾವ ಊರಿನಲ್ಲಿ, ಯಾರ ಜೊತೆ ಸೇರಿ ಹಾಕಿದ್ದೆಂದು ಹೇಳುತ್ತಿದ್ದರು. ಅಣ್ಣ ಹೂಂ ಹೂಂ ಎನ್ನುತ್ತಾ ಅದನ್ನು ಒರೆಸಿ ಪಕ್ಕಕ್ಕಿಡುತ್ತಿದ್ದ. ನಾನು ಚಾ ಮಾಡಲು ಹೋದೆ. ನನ್ನ ಸಿಟ್ಟು ಪೂರ್ತಿ ಇಳಿದಿರಲಿಲ್ಲ. ಸಕ್ಕರೆ ಮಾತ್ರ ಇಬ್ಬರ ಲೋಟಕ್ಕೂ ಒಂದೇ ಸಮ ಹಾಕಿದೆ.